ಹವಳಕ್ಕೆ ತಂದ ಸಿಗಡಿ

ಒಂದು ಹಿಡಿ ಸಿಗಡಿ. ನಮ್ಮ ಕಟ್ಟಡದ ಮೂರೂ ಅಂತಸ್ತಿನಲ್ಲಿ ಹೊಗೆ ಎದ್ದದ್ದು ಅಷ್ಟಕ್ಕೇ. ಅದನ್ನು ಕೊಂಡವಳು ವನಜಾಕ್ಷಿ. ಕೊಂಡದ್ದು ಕೋಲ್ಕತ್ತೆಯ ಬೆಹಾಲಾ ಬಜಾರಿನಲ್ಲಿ, ಹಾಡಹಗಲಿನಲ್ಲಿ, ತನ್ನ ದುಡ್ಡಿನಲ್ಲಿ. ಕದ್ದದ್ದಲ್ಲ, ಕಸಿದದ್ದಲ್ಲ. ಆದರೂ ಅವಳು ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ಕೆಳಮನೆಯ ಕಿಟಕಿಯ ಪರದೆ ಒಂದು ಗೇಣು ಸರಿಯುತ್ತಿತ್ತು. ಆ ಪರದೆ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಬೇರೆಯವರು ಬರೆದರೆ ಮೆತ್ತಗೆ ಬರೆದಾರು ಎಂದು ನಾನೇ ಬರೆಯುತ್ತಿದ್ದೇನೆ.

ಸಿಗಡಿಯ ಪರ ವಕಾಲತ್ತು ಮಾಡುವ ಮನೆಯಲ್ಲಿ ನಾನು ಹುಟ್ಟಿದವನಲ್ಲ. ಧಾರವಾಡ ಸೀಮೆಯ ಲಿಂಗವಂತ. ಟಾಲಿಗಂಜಿನ ಮೆಟ್ರೋ ಕಾರ್‌ಶೆಡ್ಡಿನಲ್ಲಿ ಫಿಟ್ಟರಾಗಿ ದುಡಿದು ನಿವೃತ್ತನಾದವನು. ಇಷ್ಟು ವರ್ಷ ಬಂಗಾಳದ ನೀರು ಕುಡಿದೂ, ಮೀನಿನ ಸಾಲು ಬಂದರೆ ಮೂಗಿಗೆ ಟವೆಲ್ ಹಿಡಿದು ದಾಟುವವನು. ಅಂಥವನಿಗೇ ಸಿಟ್ಟು ಬಂದಿದೆ ಎಂದರೆ ಆ ಸಿಟ್ಟಿಗೆ ಏನಾದರೂ ತೂಕ ಇದ್ದೀತು.

ವನಜಾಕ್ಷಿ ಮಲ್ಪೆಯ ಮೊಗವೀರರ ಮನೆಯ ಮಗಳು. ಅಪ್ಪ ದೋಣಿಗೆ ಹೋದವರು, ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಗಂಡ ಅಣ್ಣಪ್ಪ ಬ್ಯಾಂಕಿನವನು. ಗುಮಾಸ್ತನಾಗಿ ಸೇರಿ, ಪರೀಕ್ಷೆ ಕಟ್ಟಿ ಆಫೀಸರಾಗಿ, ಕೋಲ್ಕತ್ತೆಗೆ ವರ್ಗವಾಗಿ ಬಂದವನು ಮತ್ತೆ ಊರ ಕಡೆ ವರ್ಗ ಕೇಳಲೇ ಇಲ್ಲ. ಯಾಕೋ ಅಂದರೆ, ಇಷ್ಟು ಮೀನು ಸಿಗುವ ಊರು ಬಿಟ್ಟು ಎಲ್ಲಿಗೆ ಹೋಗುವುದು ಮಾರಾಯ್ರೆ ಅಂತ ನಗುತ್ತಿದ್ದ. ಎರಡನೇ ಅಂತಸ್ತಿನಲ್ಲಿ ಅವರ ಬಾಗಿಲಿಗೆ ನಮ್ಮ ಬಾಗಿಲು ಎದುರು. ನನ್ನ ಹೆಂಡತಿ ರುಕ್ಮಿಣಿ ಮತ್ತು ವನಜಾಕ್ಷಿ ಒಬ್ಬರ ಕನ್ನಡಕ್ಕೆ ಒಬ್ಬರು ನಗುತ್ತಲೇ ಮೂವತ್ತು ವರ್ಷ ಕಳೆದರು. ನನ್ನನ್ನು ಅವಳು ವಿಶ್ವಣ್ಣ ಎನ್ನುತ್ತಾಳೆ, ನಾನು ತಂಗಿ ಎನ್ನುತ್ತೇನೆ.

ಅವಳು ಬಜಾರಿಗೆ ಇಳಿದರೆ ಮೀನಿನವರು ನೆಟ್ಟಗಾಗುತ್ತಿದ್ದರು. ಮೀನಿನ ಕಿವಿರು ಎತ್ತಿ ಒಂದು ಸಲ ನೋಡಿ, ಬೇಡ ಅಂದಳೆಂದರೆ ಅವಳ ಬೆನ್ನಿಗೆ ನಿಂತ ಬಂಗಾಳಿ ಹೆಂಗಸರೂ ಆ ಮೀನು ಬೇಡ ಅನ್ನುತ್ತಿದ್ದರು. ಹಾಗೆ ಬೆನ್ನಿಗೆ ನಿಲ್ಲುವವರಲ್ಲಿ ಕೆಳಮನೆಯ ಶೆಫಾಲಿ ಬೌದಿ ಮೊದಲನೆಯವಳು. ಬೌದಿ ಅಂದರೆ ಅತ್ತಿಗೆ. ಇಲ್ಲಿ ನೆರೆಮನೆಯ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. ಪರದೆ ಸರಿಸುತ್ತಿದ್ದವಳೂ ಅವಳೇ.

ಹವಳ ಮನೆಗೆ ಬಂದದ್ದು ಮಗ ಅಭಿಷೇಕನ ದೆಸೆಯಿಂದ. ಸೆಕ್ಟರ್ ಫೈವ್‌ನ ಗಾಜಿನ ಕಟ್ಟಡವೊಂದರಲ್ಲಿ ಅವನಿಗೆ ಕಂಪ್ಯೂಟರ್ ಕೆಲಸ. ಆ ಕಾಲದಲ್ಲಿ ಆ ಹುಡುಗರಿಗೆ ಸಂಬಳ ಹೊಳೆಯ ಹಾಗೆ ಬರುತ್ತಿತ್ತು, ಹೊಳೆಯ ಹಾಗೇ ಹೋಗುತ್ತಿತ್ತು. ಒಬ್ಬ ಕಾರು ತಂದ, ಒಬ್ಬ ಗೋಡೆಯಗಲದ ಟಿವಿ ತಂದ. ಇವನು ಸಮುದ್ರ ತಂದ. ಹಾಲಿನ ಅರ್ಧ ಗೋಡೆಗೆ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪು ಕಲಸಿದ ನೀರು, ಬಣ್ಣಬಣ್ಣದ ನಾಲ್ಕು ಮೀನು, ಮತ್ತು ಒಂದು ಬಂಡೆಚೂರಿಗೆ ಅಂಟಿಕೊಂಡ ಸೂರ್ಯ ಹವಳ. ಹವಳ ಎಂದರೆ ಉಂಗುರದ ಕಲ್ಲು ಎಂದೇ ನಾನು ತಿಳಿದಿದ್ದೆ. ಇದು ಜೀವ. ಕಿತ್ತಳೆ ಬಣ್ಣದ ಗುಬುಟು ಗುಬುಟು, ಒಂದೊಂದು ಗುಬುಟಿಗೂ ಒಂದೊಂದು ಬಾಯಿ. ಪರದೇಶದ್ದು, ಕಾಗದಪತ್ರ ಎಲ್ಲ ಸರಿಯಿದೆ ಎಂದು ಅಂಗಡಿಯವ ಹೇಳಿದನಂತೆ. ಸಮುದ್ರದ ತಳದಲ್ಲಿ ತನ್ನ ಪಾಡಿಗೆ ಬದುಕಿದ್ದನ್ನು ಕಿತ್ತು ಬೆಹಾಲಾದ ಮನೆಯೊಳಗೆ ತಂದು ನಿಲ್ಲಿಸುವವರ ಕಾಗದ ಸರಿಯಿದ್ದೀತು, ಬುದ್ಧಿ ಸರಿಯಿರಲಿಲ್ಲ ಎಂದು ನಾನು ಅವನ ಎದುರಿಗೇ ಹೇಳಿದೆ. ಅಂಕಲ್, ನಿಮಗೆ ಇದೆಲ್ಲ ಗೊತ್ತಾಗೋದಿಲ್ಲ ಅಂದ.

ಅವನಿಗೂ ಗೊತ್ತಾಗಲಿಲ್ಲ. ಹವಳ ಮುಷ್ಟಿ ಬಿಗಿದ ಹಾಗೆ ಮುಚ್ಚಿಕೊಂಡೇ ಕೂತಿತು. ಬೆಳಕು ಸಾಲದು ಎಂದು ಅಭಿಷೇಕ ಇನ್ನೂ ದೊಡ್ಡ ದೀಪ ತಂದು ಮೇಲೆ ತೂಗುಹಾಕಿದ. ಗುಬುಟುಗಳ ಮೇಲೆ ಹಸಿರು ಪಾಚಿ ಹಿಡಿಯಿತೇ ಹೊರತು ಒಂದು ಬಾಯಿಯೂ ತೆರೆಯಲಿಲ್ಲ. ಅಷ್ಟರಲ್ಲಿ ಅವನಿಗೆ ಅದರ ಉಮೇದು ತೀರಿತು. ಆಫೀಸಿನಿಂದ ಬರುವುದು ತಡ, ಬಂದರೆ ಕಿವಿಗೆ ಫೋನು.

ಒಂದು ದಿನ ವನಜಾಕ್ಷಿ ಗಾಜಿಗೆ ಹಣೆ ಹಚ್ಚಿ ನೋಡಿದಳು. ಅಪ್ಪನ ದೋಣಿಯನ್ನು ದಡಕ್ಕೆ ಎಳೆದು ಮಗುಚಿದಾಗ ತಳದಲ್ಲಿ ಅಂಟಿಕೊಂಡಿರುತ್ತಿದ್ದ ಜೀವಗಳು ಅವಳಿಗೆ ನೆನಪಾದುವು. ನೀರಿನಲ್ಲಿ ಬಾಯಿ ತೆರೆದು, ಒಣಗಿದರೆ ಮುಚ್ಚಿಕೊಳ್ಳುತ್ತಿದ್ದುವಂತೆ ಅವು. ಇದಕ್ಕೆ ಲೈಟು ಎಂತಕ್ಕೆ, ಇದಕ್ಕೆ ಹಸಿವು ಅಂದಳು. ಅಣ್ಣಪ್ಪ ಮಗನ ಕಂಪ್ಯೂಟರಿನ ಮುಂದೆ ಕೂತು, ದೇಶಾಂತರದ ಹವಳ ಸಾಕುವವರು ಬರೆದದ್ದನ್ನೆಲ್ಲ ಓದಿ, ಹೆಂಡತಿಯ ಮಾತು ಒಪ್ಪಿಕೊಂಡ. ಎಷ್ಟೋ ಜಾತಿಯ ಹವಳಗಳು ಬೆಳಕಿನಿಂದಲೇ ಹೊಟ್ಟೆ ಹೊರೆಯುತ್ತವಂತೆ. ಇದಕ್ಕೆ ಆ ವಿದ್ಯೆ ಇಲ್ಲ. ಇದರ ಬಾಯಿಗೆ ತುತ್ತು ತಾಕಬೇಕು. ಅದೂ ಒಂದು ಬಾಯಿಗೆ ಕೊಟ್ಟರೆ ಪಕ್ಕದ ಬಾಯಿಯ ಹೊಟ್ಟೆ ತುಂಬುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಉಣಿಸಬೇಕು.

ಅಲ್ಲಿಂದ ಗಂಡಹೆಂಡತಿ ಇಬ್ಬರೂ ಅದರ ಚಾಕರಿಗೆ ನಿಂತರು. ಕೆರೆಯ ಸಿಗಡಿ ಬೇಡವೆಂದು ದಿಘಾ ಕಡಲಿನದ್ದನ್ನೇ ಹುಡುಕಿ ತರುವುದು. ತಲೆ, ಸಿಪ್ಪೆ, ಬೆನ್ನಿನ ನರ ತೆಗೆದು, ಉಪ್ಪು ಅರಿಸಿನ ಮುಟ್ಟಿಸದೆ, ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚುವುದು. ತೊಟ್ಟಿಯ ನೀರಿನಲ್ಲೇ ಅದನ್ನು ಕಲಕಿ, ಆ ಕಲಕಿದ ನೀರನ್ನು ಪಿಚಕಾರಿಯಲ್ಲಿ ಹವಳದ ಮೇಲೆ ಮೆಲ್ಲಗೆ ಬಿಡುವುದು. ಪಂಪು ನಿಲ್ಲಿಸಿ ಕಾಯುವುದು. ವಾಸನೆ ಸಿಕ್ಕಿತೆಂದರೆ ಗುಬುಟು ಸಡಿಲಾಗಿ, ತುದಿಯಲ್ಲಿ ಹಳದಿ ಎಸಳು ಇಣುಕಿ, ನೋಡನೋಡುತ್ತ ಇಡೀ ಬಂಡೆಚೂರು ಹೂಬಿಟ್ಟ ಕುಸುಬೆ ಹೊಲದ ಹಾಗೆ ಆಗುತ್ತಿತ್ತು. ಆಗ ಅಣ್ಣಪ್ಪ ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಹವಳದ ಮೇಲೆ ಬುಟ್ಟಿ ಕವುಚಿದ ಹಾಗೆ ಕವುಚಿ ಹಿಡಿಯುತ್ತಿದ್ದ. ಇಲ್ಲದಿದ್ದರೆ ಮೀನುಗಳು ಬಂದು ಬಾಯೊಳಗಿನ ತುತ್ತನ್ನೂ ಕಿತ್ತೊಯ್ಯುತ್ತವೆ. ವನಜಾಕ್ಷಿ ಬಾಟಲಿಯ ಬಾಯಿಯಿಂದ ಉದ್ದನೆಯ ಚಿಮ್ಮಟ ಇಳಿಸಿ ಒಂದೊಂದು ಬಾಯಿಗೂ ಒಂದೊಂದು ಚೂರು ಇಡುತ್ತಿದ್ದಳು. ಎಸಳು ಮುಚ್ಚಿ ಅದನ್ನು ಒಳಗೆ ಎಳೆದುಕೊಂಡ ಮೇಲೆ ಮುಂದಿನದ್ದು. ಕೊನೆಗೆ ಬಿದ್ದು ಉಳಿದದ್ದನ್ನೆಲ್ಲ ಕೊಳವೆಯಿಂದ ಹೀರಿ ತೆಗೆಯಬೇಕು. ಬಿಟ್ಟರೆ ನೀರು ಕೆಡುತ್ತದೆ, ನೀರು ಕೆಟ್ಟರೆ ಎಲ್ಲವೂ ಕೆಟ್ಟಿತು.

ಇದೆಲ್ಲ ನಡೆಯುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಆ ಹೊತ್ತಿಗೆ ಇಲ್ಲಿ ಮನೆಮನೆಯಲ್ಲೂ ಹೆಂಗಸರು ಶಂಖ ಊದುತ್ತಾರೆ. ಬರಬರುತ್ತ ಶಂಖದ ಹೊತ್ತಿಗೆ ಸರಿಯಾಗಿ ಹವಳ ತಾನಾಗಿ ಬಿರಿಯತೊಡಗಿತು. ಅದಕ್ಕೆ ಕಿವಿ ಇಲ್ಲ, ದಿನಾ ಅದೇ ಹೊತ್ತಿಗೆ ಉಂಡು ರೂಢಿಯಾಗಿತ್ತು, ಅಷ್ಟೇ. ಆದರೂ ಅಣ್ಣಪ್ಪ ಬಂದವರಿಗೆಲ್ಲ, ನಮ್ಮ ಹವಳ ಬಂಗಾಳಿ ಕಲಿತಿದೆ ಎಂದು ಹೇಳುತ್ತಿದ್ದ.

ಆ ಚಳಿಗಾಲದಲ್ಲಿ ಅಣ್ಣಪ್ಪ ಹೋಗಿಬಿಟ್ಟ. ಬೆಳಿಗ್ಗೆ ಪೇಪರು ಓದುತ್ತ ಕೂತಿದ್ದವನು ಎದೆ ಹಿಡಿದುಕೊಂಡ. ಆಸ್ಪತ್ರೆಯ ಬಾಗಿಲು ಮುಟ್ಟುವುದರೊಳಗೆ ಮುಗಿದಿತ್ತು.

ಉತ್ತರಕ್ರಿಯೆಗೆಂದು ತಾಯಿ ಮಗ ಮಲ್ಪೆಗೆ ಹೋದರು. ಅಲ್ಲಿ ಅದನ್ನು ಬೊಜ್ಜ ಎನ್ನುತ್ತಾರೆ. ಬೊಜ್ಜ ಮುಗಿಯುವವರೆಗೆ ಮನೆಯಲ್ಲಿ ಮೀನಿಲ್ಲ. ಮುಗಿದ ಮೇಲೆ ಮನೆಮಂದಿಗೆಲ್ಲ ಮೀನು ಬಡಿಸಿ ಸೂತಕ ಕಳೆಯುವುದು ವನಜಾಕ್ಷಿಯ ತವರಿನ ಪದ್ಧತಿ. ಅದರಲ್ಲೂ ಗಂಡನನ್ನು ಕಳೆದುಕೊಂಡವಳ ಬಟ್ಟಲಿಗೇ ಮೊದಲು. ಹೋದವನ ಜೊತೆ ನೀನು ಹೋಗಲಿಲ್ಲ, ನೀನು ನಮ್ಮವಳು, ಉಣ್ಣು ಎಂದು ಹೇಳುವುದಕ್ಕೆ ಅದಕ್ಕಿಂತ ಚೆನ್ನಾದ ರೀತಿ ನನಗೆ ಗೊತ್ತಿಲ್ಲ. ಅವಳ ಅತ್ತಿಗೆ ಬಡಿಸಿದರು. ವನಜಾಕ್ಷಿ ಒಂದು ತುತ್ತು ಬಾಯಿಗಿಟ್ಟಳು, ಗಂಟಲಲ್ಲಿ ಇಳಿಯಲಿಲ್ಲ. ಯಾರೂ ಬಲವಂತ ಮಾಡಲಿಲ್ಲವಂತೆ. ಹಸಿವಾದಾಗ ಉಣ್ಣುತ್ತಾಳೆ ಬಿಡಿ ಅಂದರಂತೆ.

ಅವರು ಊರಲ್ಲಿದ್ದಷ್ಟು ದಿನ ತೊಟ್ಟಿ ನನ್ನ ಪಾಲಿಗೆ ಬಿತ್ತು. ವನಜಾಕ್ಷಿ ಸಿಗಡಿ ಹೆಚ್ಚಿ ಫ್ರಿಜ್ಜಿನಲ್ಲಿಟ್ಟು ಹೋಗಿದ್ದಳು. ನಾನು ರಬ್ಬರ್ ಗ್ಲೌಸ್ ಹಾಕಿ, ಉಸಿರು ಬಿಗಿಹಿಡಿದು, ಸಾಯಂಕಾಲ ಹೋಗಿ ಉಣಿಸಿ ಬರುತ್ತಿದ್ದೆ. ರುಕ್ಮಿಣಿ ಬಾಗಿಲಲ್ಲೇ ಬಿಸಿನೀರಿನ ಬಕೆಟ್ಟು ಇಟ್ಟುಕೊಂಡು ನಿಂತಿರುತ್ತಿದ್ದಳು. ನಟ್ಟು ಬಿಗಿಯುವ ಪಾನಾ ಹಿಡಿದ ಕೈಗೆ ಚಿಮ್ಮಟ ಬಗ್ಗೀತೇ? ಬಾಟಲಿ ಹಿಡಿದರೆ ಚಿಮ್ಮಟ ಇಲ್ಲ, ಚಿಮ್ಮಟ ಹಿಡಿದರೆ ಬಾಟಲಿ ಇಲ್ಲ. ಇಬ್ಬರ ಕೆಲಸ ಅದು. ಮೀನು ಕೊಬ್ಬಿದುವು, ಹವಳ ಸೊರಗಿತು. ಅವಳು ಬರುವ ಹೊತ್ತಿಗೆ ಒಂದು ಬದಿಯ ಬಾಯಿಗಳ ಮಾಂಸ ಹಿಂಜರಿದು ಒಳಗಿನ ಬಿಳಿ ಎಲುಬು ಕಾಣುತ್ತಿತ್ತು.

ವನಜಾಕ್ಷಿ ಪೆಟ್ಟಿಗೆಯನ್ನು ಬಾಗಿಲಲ್ಲೇ ಇಟ್ಟು ನೇರ ತೊಟ್ಟಿಯ ಮುಂದೆ ನಿಂತಳು. ಬಿಳಿಚಿದ ಬದಿಗೆ ನೇರವಾಗಿ ಗಾಜಿನ ಮೇಲೆ ಬೆರಳಿಟ್ಟಳು. ಆಮೇಲೆ, "ಇವರು ಇದ್ದಿದ್ದರೆ ಇದು ಹೀಗೆ ಆಗ್ತಿರ್ಲಿಲ್ಲ ವಿಶ್ವಣ್ಣ. ಇನ್ನು ಇದನ್ನು ಸಾಯ್ಲಿಕ್ಕೆ ಬಿಡುವುದಿಲ್ಲ ನಾನು" ಅಂದಳು.

ಮರುದಿನದಿಂದಲೇ ಚೀಲ ಹಿಡಿದು ಬಜಾರಿಗೆ ಇಳಿದಳು. ದಿನಾ ತಾಜಾ ಬೇಕು, ದಿನಾ ಒಂದೇ ಹಿಡಿ. ಸಾಯಂಕಾಲ ಬಾಟಲಿ ಹಿಡಿಯುವ ಕೆಲಸ ನನ್ನದಾಯಿತು. ಸೊರಗಿದ ಬಾಯಿಗಳಿಗೆ ಮೊದಲು ಬರೀ ಸಿಗಡಿಯ ನೀರು, ಆಮೇಲೆ ಚೂರಿನ ಚೂರು. ಎಳೆಗರುವಿಗೆ ಬೆರಳು ಚೀಪಿಸಿ ಹಾಲು ಕಲಿಸುವ ಹಾಗೆ ಅವಳು ಅವಕ್ಕೆ ಊಟ ಕಲಿಸಿದಳು. ಮೂರನೇ ವಾರಕ್ಕೋ ನಾಲ್ಕನೇ ವಾರಕ್ಕೋ ಅಂಚಿನಲ್ಲಿ ಮತ್ತೆ ಕಿತ್ತಳೆ ಬಣ್ಣ ಏರತೊಡಗಿತು. ಅವಳು ಮಾತ್ರ ಗಂಜಿ, ಸಾರು, ಉಪ್ಪಿನಕಾಯಿಯಲ್ಲೇ ಇದ್ದಳು. ಹವಳಕ್ಕೆ ಹೆಚ್ಚಿದ ಸಿಗಡಿಯಲ್ಲಿ ಉಳಿದದ್ದನ್ನು ಬೆಕ್ಕಿಗೆ ಹಾಕುತ್ತಿದ್ದಳು. ಯಾಕೆ ತಂಗಿ ಎಂದು ರುಕ್ಮಿಣಿ ಕೇಳಿದ್ದಕ್ಕೆ, ಬೇಕು ಅನಿಸುವುದಿಲ್ಲ ಅಕ್ಕಾ, ಅನಿಸಿದ ದಿನ ತಿಂತೇನೆ ಅಂದಳು.

ಈಗ ಪರದೆಯ ವಿಷಯಕ್ಕೆ ಬರುತ್ತೇನೆ.

ಇಲ್ಲಿನ ಹಳೆಯ ಮನೆತನಗಳಲ್ಲಿ ಗಂಡ ಸತ್ತವಳು ಮೀನು ಮುಟ್ಟಕೂಡದು. ಈರುಳ್ಳಿ ಬೆಳ್ಳುಳ್ಳಿಯೂ ಕೂಡದು. ಗಂಡಸು ಹೆಂಡತಿ ಸತ್ತ ಹದಿನೈದನೇ ದಿನಕ್ಕೆ ಇಲಿಶ್ ಮೀನು ಚೀಪಬಹುದು, ಅವನ ನಾಲಿಗೆಗೆ ಯಾವ ಶಾಸ್ತ್ರವೂ ಇಲ್ಲ. ಮೀನೇ ಉಸಿರಾದ ನಾಡಿನಲ್ಲಿ ಹೆಂಗಸಿನ ಬಟ್ಟಲಿನಿಂದ ಮೀನು ಎತ್ತುವುದೆಂದರೆ ಏನರ್ಥ? ಬಂಗಾಳವನ್ನಷ್ಟೇ ಬಯ್ಯುತ್ತಿಲ್ಲ ನಾನು. ನಮ್ಮ ಸೀಮೆಯಲ್ಲೂ ಬಳೆ ಒಡೆಯುವ, ಕುಂಕುಮ ಒರೆಸುವ ಕೈಗಳನ್ನು ಕಣ್ಣಾರೆ ಕಂಡಿದ್ದೇನೆ. ಎಲ್ಲ ಕಡೆಯೂ ಅದೇ ಹೊಲಸು, ತೊಟ್ಟಿ ಬೇರೆ. ಈಗಿನ ಬಂಗಾಳಿ ಹುಡುಗಿಯರು ಇದನ್ನೆಲ್ಲ ಲೆಕ್ಕಕ್ಕಿಟ್ಟಿಲ್ಲ. ಆದರೆ ಶೆಫಾಲಿ ಬೌದಿಯಂಥವರು ಲೆಕ್ಕ ಬಿಟ್ಟಿಲ್ಲ.

ಆಕೆ ನೋಡಿದಳು: ಗಂಡ ಸತ್ತು ಎರಡು ತಿಂಗಳಾಗಿಲ್ಲ, ಮದ್ರಾಸಿ ದೀದಿ ದಿನಾ ಚಿಂಗ್ಡಿ ತರುತ್ತಾಳೆ. ಚಿಂಗ್ಡಿ ಅಂದರೆ ಸಿಗಡಿ. ಒಬ್ಬಳಿಗಾಗುವಷ್ಟೇ ತರುತ್ತಾಳೆ, ಅಂದರೆ ಕದ್ದು ತಿನ್ನುತ್ತಾಳೆ. ಮಾತು ಮೆಟ್ಟಿಲು ಹತ್ತಿತು, ಇಳಿಯಿತು, ಬಸ್ಸು ಹತ್ತಿ ಟಾಲಿಗಂಜಿಗೂ ಹೋಯಿತು. ಅಲ್ಲಿ ಶೆಫಾಲಿ ಬೌದಿಯ ತಂಗಿಯ ಮನೆ. ಅದೇ ಗಲ್ಲಿಯಲ್ಲಿ ಸುದೇಷ್ಣಾ ಎಂಬ ಹುಡುಗಿಯ ಮನೆ. ಸುದೇಷ್ಣಾ ಅಭಿಷೇಕನ ಆಫೀಸಿನವಳು, ಅವರಿಬ್ಬರ ಮದುವೆ ಮಾತಾಗಿತ್ತು. ಹುಡುಗಿಗೆ ಈ ಸುದ್ದಿಯಿಂದ ಏನೂ ಆಗಲಿಲ್ಲ. ಆದರೆ ಆಕೆಯ ಪಿಶಿ, ಅಂದರೆ ಅಪ್ಪನ ತಂಗಿ, ಅಭಿಷೇಕನನ್ನು ಕೂರಿಸಿ ವಿಚಾರಿಸಿದಳು. ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ತಾಯಿ ಇದ್ದಾಳೆ, ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ಇವತ್ತಿನವರೆಗೆ ಮೀನಿನ ನೆರಳು ಮುಟ್ಟಿಲ್ಲ, ಅವಳು ಏನಂದುಕೊಂಡಾಳು ಅಂದಳಂತೆ.

ಅಭಿಷೇಕ ಏನು ಹೇಳಬೇಕಿತ್ತು? ನಮ್ಮ ಕಡೆ ತಿನ್ನುತ್ತಾರೆ, ನನ್ನ ಅಮ್ಮ ಬೇಕಾದ್ದು ತಿನ್ನಲಿ ಎನ್ನಬೇಕಿತ್ತು. ಅಷ್ಟು ಓದಿದವನಿಗೆ ಅಷ್ಟು ಮಾತು ಹುಟ್ಟಲಿಲ್ಲ. ಅಯ್ಯೋ, ಅಮ್ಮ ಅದನ್ನು ಮುಟ್ಟುವುದೂ ಇಲ್ಲ, ಅದು ಅಕ್ವೇರಿಯಮ್ಮಿಗೆ, ಅಮ್ಮ ಅಪ್ಪ ಹೋದ ದಿನದಿಂದ ಶುದ್ಧ ಸಸ್ಯಾಹಾರಿ ಎಂದ. ಹಾಗೇ ಕಟ್ಟಡದಲ್ಲೂ ಮೂರೂ ಅಂತಸ್ತಿಗೆ ಹೇಳಿಬಂದ. ಸಾಲದ್ದಕ್ಕೆ, ಬೀಗರು ನಿಶ್ಚಿತಾರ್ಥಕ್ಕೆ ಬರುವುದರೊಳಗೆ ತೊಟ್ಟಿಯನ್ನು ಆಫೀಸಿನ ಸ್ವಾಗತಕೋಣೆಗೆ ಸಾಗಿಸುವ ಏರ್ಪಾಡನ್ನೂ ಮಾಡಿಕೊಂಡ. ಇದ್ಯಾವುದನ್ನೂ ತಾಯಿಗೆ ಹೇಳಲಿಲ್ಲ.

ಹೇಳಿದವಳು ಶೆಫಾಲಿ ಬೌದಿ. ಮೆಟ್ಟಿಲಲ್ಲಿ ವನಜಾಕ್ಷಿಯ ಎರಡೂ ಕೈ ಹಿಡಿದುಕೊಂಡು, ನಾನು ತಪ್ಪು ತಿಳಿದಿದ್ದೆ ದೀದಿ, ನಿಮ್ಮ ಮಗ ಎಲ್ಲ ಹೇಳಿದ, ನೀವು ನಮ್ಮ ಹೆಂಗಸರಿಗಿಂತ ಪವಿತ್ರರು ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಬೈದಿದ್ದರೆ ವನಜಾಕ್ಷಿ ತಿರುಗಿ ಬೈದು ಮುಗಿಸುತ್ತಿದ್ದಳು. ಹೊಗಳಿದರು. ಆ ಹೊಗಳಿಕೆ ಅವಳಿಗೆ ಕೆಂಡ ತುಳಿದ ಹಾಗಾಯಿತು.

ಆ ಹೊತ್ತಿಗೆ ನಾನು ವನಜಾಕ್ಷಿಯ ಮನೆಯಲ್ಲೇ ಇದ್ದೆ. ತೊಟ್ಟಿಯ ಕೊಳವೆ ಬಿಚ್ಚಿಕೊಡಿ ಅಂಕಲ್, ನಾಳೆ ಗಾಡಿ ಬರುತ್ತದೆ ಎಂದು ಅಭಿಷೇಕ ನನ್ನನ್ನು ಕರೆದಿದ್ದ. ಅಮ್ಮ ಒಪ್ಪಿದ್ದಾರೆ ಅಂದಿದ್ದ. ಪಾನಾ ಹಿಡಿದು ತೊಟ್ಟಿಯ ಕೆಳಗೆ ಕೂತಿದ್ದೆ. ವನಜಾಕ್ಷಿ ಚೀಲ ಹಿಡಿದು ಒಳಗೆ ಬಂದವಳು ನನ್ನನ್ನು ನೋಡಿದಳು, ಪಾನಾ ನೋಡಿದಳು, ಮಗನ ಕಡೆ ತಿರುಗಿದಳು.

"ಎಂತ ಇದು?"

ಆಫೀಸಿನಲ್ಲಿ ನೋಡಿಕೊಳ್ಳಲು ಜನ ಇದ್ದಾರೆ, ನಿನಗೂ ವಯಸ್ಸಾಯಿತು, ದಿನಾ ಈ ಕಷ್ಟ ಯಾಕೆ ಎಂದು ಅವನು ಶುರು ಮಾಡಿದ. ಅಲ್ಲಿ ಸಾಯಂಕಾಲ ಯಾರು ಬಾಟಲಿ ಹಿಡಿಯುತ್ತಾರೆ, ಯಾರು ಒಂದೊಂದು ಬಾಯಿಗೂ ಕೊಡುತ್ತಾರೆ, ಅವರ ಹೆಸರು ಹೇಳು ಎಂದು ಅವಳು ಕೇಳಿದಳು. ಮೆಯಿಂಟೆನೆನ್ಸ್‌ನವರು ಅಂದ. ಆಮೇಲೆ ತಗ್ಗಿದ ದನಿಯಲ್ಲಿ, ಜನ ಏನೇನೋ ಮಾತಾಡ್ತಾರೆ ಅಮ್ಮಾ, ನಿನ್ನ ಮರ್ಯಾದೆಗೇ ನಾನು ಇದೆಲ್ಲ ಮಾಡಿದ್ದು ಅಂದ.

ವನಜಾಕ್ಷಿ ಚೀಲ ಕೆಳಗಿಟ್ಟಳು. ದನಿ ಏರಿಸಲಿಲ್ಲ.

"ನನಗೆ ಹಸಿವಿಲ್ಲದ್ದು ಬೇರೆ, ನನಗೆ ತಿನ್ಲಿಕ್ಕಿಲ್ಲ ಅನ್ನುವುದು ಬೇರೆ. ನಿನ್ನ ಅಪ್ಪ ಇಲ್ಲ ಅಂತ ನನಗೆ ಗಂಟಲಲ್ಲಿ ಇಳಿಯುವುದಿಲ್ಲ ಮಗಾ. ಅದು ನನ್ನ ಮತ್ತೆ ಅವರ ನಡುವಿನ ವಿಷಯ. ನೀನು ಅದನ್ನು ತಗೊಂಡು ಹೋಗಿ ಶೆಫಾಲಿ ಬೌದಿಗೆ ಶಾಸ್ತ್ರ ಮಾಡಿ ಕೊಟ್ಟೆಯಲ್ಲ?"

ಅಭಿಷೇಕ ಚೀಲ ಎತ್ತಿಡಲು ಬಗ್ಗಿದ, ಅವಳು ಬಿಡಲಿಲ್ಲ.

"ನನ್ನ ಅಮ್ಮ ಗಂಡ ಹೋದ ಮೇಲೆ ಮೀನು ಮಾರಿ ನಮ್ಮನ್ನು ಸಾಕಿದ್ದು. ತಿಂದೇ ಸಾಕಿದ್ದು. ಅವರು ಅಪವಿತ್ರ ಆದ್ರಾ ಹಾಗಾದರೆ?"

ನಾನು ಪಾನಾ ನೆಲಕ್ಕಿಟ್ಟು ಎದ್ದೆ. ನೋಡಪಾ ಅಭಿಷೇಕ, ನಿನ್ನ ಗಾಡಿಯವಗ ಬರಬ್ಯಾಡ ಅಂತ ಹೇಳು, ಈ ನಳಿಗೆ ಹಾಕಿದವನೂ ನಾನೇ, ಬಿಚ್ಚೋದಿಲ್ಲ ಅನ್ನುವವನೂ ನಾನೇ ಎಂದು ಹೇಳಿ ಮನೆಗೆ ಬಂದುಬಿಟ್ಟೆ. ಗಾಡಿ ಬರಲಿಲ್ಲ. ಆದರೆ ಅವನು ಪೂರ್ತಿ ಸೋಲಲೂ ಇಲ್ಲ. ಬೀಗರು ಬರುವ ದಿನ ತೊಟ್ಟಿಗೆ ಒಂದು ಬಟ್ಟೆ ಮುಚ್ಚೋಣ, ಆ ಒಂದು ಸಾಯಂಕಾಲ ಉಣಿಸುವುದು ಬೇಡ ಎಂದು ಅಂಗಲಾಚಿದ. ವನಜಾಕ್ಷಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ನಿಶ್ಚಿತಾರ್ಥದ ಶಾಸ್ತ್ರಕ್ಕೆ ಇಲ್ಲಿ ಆಶೀರ್ಬಾದ್ ಎನ್ನುತ್ತಾರೆ. ಹುಡುಗಿಯ ಕಡೆಯವರು ಬಂದು ಹುಡುಗನ ತಲೆಗೆ ಭತ್ತ, ಗರಿಕೆ ಇಟ್ಟು ಹರಸುವುದು. ಮಧ್ಯಾಹ್ನ ಇಳಿದ ಮೇಲೆ ಬಂದರು: ಹುಡುಗಿಯ ಅಪ್ಪ ಅಮ್ಮ, ಸುದೇಷ್ಣಾ, ಪಿಶಿ, ಮತ್ತು ಆ ಎಂಬತ್ತು ದಾಟಿದ ಠಾಕುಮಾ, ಹೇಮಾಂಗಿನಿ. ಅಜ್ಜಿಗೆ ಇಲ್ಲಿ ಠಾಕುಮಾ ಎನ್ನುವುದು. ಅಂಚಿಲ್ಲದ ಬಿಳಿ ಸೀರೆ, ಬೋಳು ಕೈ, ಕಡ್ಡಿಯಂಥ ಮೈ. ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಿದರು. ನಾನೂ ರುಕ್ಮಿಣಿಯೂ ಹುಡುಗನ ಕಡೆಯ ಹಿರಿಯರೆಂದು ಕೂತಿದ್ದೆವು. ತೊಟ್ಟಿಗೆ ಅಭಿಷೇಕ ದೊಡ್ಡದೊಂದು ಹೊದಿಕೆ ಹೊದಿಸಿದ್ದ.

ಹರಸಿದ್ದಾಯಿತು, ಸಿಹಿ ತಿಂದದ್ದಾಯಿತು, ಪಿಶಿ ಎರಡೂ ಮನೆಯ ಸಂಸ್ಕಾರ ಹೊಂದುತ್ತದೆ ಎಂದು ಹೇಳಿದ್ದಾಯಿತು. ಹೊರಗೆ ಬೆಳಕು ಇಳಿಯಿತು. ಕೆಳಮನೆಯಲ್ಲಿ ಶಂಖ ಊದಿದರು, ಆಮೇಲೆ ಪಕ್ಕದ ಮನೆಯಲ್ಲಿ. ವನಜಾಕ್ಷಿ ಎದ್ದಳು. ಅಡುಗೆಮನೆಯಿಂದ ಹೆಚ್ಚಿದ ಸಿಗಡಿಯ ಬಟ್ಟಲು, ಚಿಮ್ಮಟ, ಬಾಟಲಿ ತಂದಳು. ಅಭಿಷೇಕ ಕಣ್ಣಲ್ಲೇ ಬೇಡಿಕೊಂಡ. ಅವಳು ಅವನ ಎದುರಿಗೇ ಹೊದಿಕೆ ಎಳೆದು ಮಡಚಿ ಕುರ್ಚಿಯ ಮೇಲಿಟ್ಟಳು.

ಒಳಗೆ ಇಡೀ ಹವಳ ಬಿರಿದು ನಿಂತಿತ್ತು.

ವಿಶ್ವಣ್ಣ ಬನ್ನಿ ಅಂದಳು. ನಾನು ಹೋಗಿ ಬಾಟಲಿ ಹಿಡಿದೆ. ನಾಲ್ಕೈದು ಬಾಯಿಗೆ ಕೊಟ್ಟಿರಬೇಕು, ಹಿಂದಿನಿಂದ ಕುರ್ಚಿ ಎಳೆದ ಸದ್ದಾಯಿತು. ಹೇಮಾಂಗಿನಿ ಸುದೇಷ್ಣಾಳ ಕೈ ಹಿಡಿದು ಬಂದು ಗಾಜಿನ ಪಕ್ಕ ಕೂತಿದ್ದರು. ಬಹಳ ಹೊತ್ತು ನೋಡಿದರು. ವನಜಾಕ್ಷಿಯ ಬಂಗಾಳಿ ನನ್ನದಕ್ಕಿಂತ ಚೊಕ್ಕಟ. ಅವರ ನಡುವೆ ನಡೆದ ಮಾತನ್ನು ನಾನು ಕನ್ನಡ ಮಾಡಿ ಹೇಳುತ್ತೇನೆ.

"ಇದು ತಾನಾಗಿ ಹೋಗಿ ಹಿಡಿಯುವುದಿಲ್ಲವೇ?" ಎಂದು ಮುದುಕಿ ಕೇಳಿದರು.

"ಇಲ್ಲ ಮಾ. ಕೂತಲ್ಲೇ ಕೂತಿರುತ್ತದೆ. ಬಾಯಿಗೆ ಕೊಟ್ಟರೆ ಉಂಟು."

"ಕೊಡದಿದ್ದರೆ?"

"ಮುಚ್ಚಿಕೊಳ್ಳುತ್ತದೆ. ನೋಡಿದವರು ಕ್ಷೇಮವಾಗಿದೆ ಅಂತಲೇ ತಿಳಿಯುತ್ತಾರೆ. ಒಳಗೊಳಗೇ ಕರಗುತ್ತದೆ."

ಮುದುಕಿ ಅಂಚಿನ ಒಂದು ಗುಬುಟನ್ನು ಬೆರಳಿಟ್ಟು ತೋರಿಸಿ, ಅದಕ್ಕೆ ಇನ್ನೂ ಕೊಟ್ಟಿಲ್ಲ ನೀನು ಅಂದರು. ನೀವೇ ಕೊಡಿ ಎಂದು ವನಜಾಕ್ಷಿ ಚಿಮ್ಮಟ ಅವರ ಕೈಗಿತ್ತಳು. ಪಿಶಿ ಕೂತಲ್ಲಿಂದ ಎದ್ದು, ಮಾ, ಅದು ಚಿಂಗ್ಡಿ, ಬೇಡ ಅಂದಳು. ಗೊತ್ತು, ಕಣ್ಣು ಹೋಗಿಲ್ಲ ನನಗೆ ಅಂದರು ಹೇಮಾಂಗಿನಿ. ಬಟ್ಟಲಿನ ಚೂರನ್ನು ಎರಡು ಬೆರಳಲ್ಲಿ ಎತ್ತಿ ಚಿಮ್ಮಟಕ್ಕೆ ಸಿಕ್ಕಿಸಿದರು. ವನಜಾಕ್ಷಿ ಅವರ ಮಣಿಕಟ್ಟು ಹಿಡಿದುಕೊಂಡಳು. ಹವಳ ಅದನ್ನು ಒಳಗೆ ಎಳೆದುಕೊಳ್ಳುವುದನ್ನು ಪೂರ್ತಿ ನೋಡಿ, ಇನ್ನೊಂದು ಕೊಡು ಅಂದರು. ಹಾಗೆ ಆ ಬದಿಯ ಬಾಯಿಗಳಿಗೆಲ್ಲ ಅವರೇ ಕೊಟ್ಟರು. ಪಿಶಿ ಕೈತೊಳೆಯಲು ನೀರು ತಂದು ಹಿಡಿದು ನಿಂತಿದ್ದಳು. ಮುದುಕಿ ಆ ನೀರಿನ ಕಡೆ ನೋಡಲಿಲ್ಲ. ಬೆರಳನ್ನು ಮೂಗಿನ ಹತ್ತಿರ ತಂದುಕೊಂಡು ಮೂಸಿದರು.

ನನಗೆ ಆಗ ಬಂದ ಸಿಟ್ಟನ್ನು ಯಾವ ಮಾತಿನಲ್ಲಿ ಬರೆಯಲಿ? ಅರವತ್ತು ವರ್ಷ. ಆ ಮನೆಯಲ್ಲಿ ಎಷ್ಟು ಮೀನು ಬೆಂದಿರಬೇಕು, ಎಷ್ಟು ಸಲ ಈಕೆಯೇ ಬೇಯಿಸಿ ಎಲ್ಲರಿಗೂ ಬಡಿಸಿರಬೇಕು. ತೊಟ್ಟಿಯ ಹುಳವೊಂದರ ಬಾಯಿಗೆ ತುತ್ತು ಬಿತ್ತೋ ಇಲ್ಲವೋ ಎಂದು ನೋಡುವ ಕಣ್ಣು ಮನುಷ್ಯರಿಗಿದೆ, ಆ ಮನೆಯಲ್ಲಿ ಈಕೆಯ ಬಾಯಿ ನೋಡುವ ಕಣ್ಣು ಒಬ್ಬರಿಗೂ ಇರಲಿಲ್ಲ.

ಊಟದ ಹೊತ್ತಾಯಿತು. ವನಜಾಕ್ಷಿ ಆ ದಿನ ಬೆಳಿಗ್ಗೆಯೇ ಬಜಾರಿನಿಂದ ದೊಡ್ಡ ಸಿಗಡಿ ತಂದು, ತೆಂಗಿನಕಾಯಿ ಹುರಿದು ಅರೆದು, ಅವಳ ಊರಿನ ರೀತಿಯಲ್ಲಿ ಗಸಿ ಮಾಡಿದ್ದಳು. ಬೀಗರಿಗೆಂದು ಎಲ್ಲರೂ ತಿಳಿದಿದ್ದರು. ಎಲ್ಲರಿಗೂ ಬಡಿಸಿದಳು, ನನಗೂ ರುಕ್ಮಿಣಿಗೂ ಬೇರೆ ಪಾತ್ರೆಯಲ್ಲಿ ಬೇಳೆಸಾರು. ಆಮೇಲೆ ತನ್ನ ಬಟ್ಟಲು ಹಾಕಿಕೊಂಡು, ಎಲ್ಲರ ನಡುವೆ ಕೂತು, ತನಗೂ ಗಸಿ ಬಡಿಸಿಕೊಂಡಳು. ಅಭಿಷೇಕನ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿತು.

ಅವಳು ಸಿಗಡಿಯೊಂದನ್ನು ಅನ್ನಕ್ಕೆ ಕಲಸಿ ಬಾಯಿಗಿಟ್ಟಳು. ಅಗಿದಳು. ಈ ಸಲ ಇಳಿಯಿತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ, ಊಟ ನಿಲ್ಲಿಸಲೂ ಇಲ್ಲ. ಉಪ್ಪು ಒಂದು ಚೂರು ಕಡಿಮೆ ಆಗಿದೆ ಅಲ್ವಾ ಎಂದು ಮಗನನ್ನೇ ಕೇಳಿದಳು. ಅವನು, "ಇಲ್ಲ ಅಮ್ಮಾ. ಸರಿ ಉಂಟು. ಇನ್ನೊಂಚೂರು ಹಾಕ್ಕೊ" ಎಂದು ತಾನೇ ಎದ್ದು ಅವಳಿಗೆ ಬಡಿಸಿದ. ಆ ಒಂದು ಸೌಟಿಗೆ ಅವನ ಮೇಲಿದ್ದ ನನ್ನ ಕೋಪದಲ್ಲಿ ಅರ್ಧ ಇಳಿಯಿತು. ಉಳಿದರ್ಧ ಇನ್ನೂ ಇದೆ.

ಹೇಮಾಂಗಿನಿಗೆ ಹಾಲು, ಹಣ್ಣು, ಒಣ ಅವಲಕ್ಕಿ ಎಂದು ಪಿಶಿ ಮೊದಲೇ ಹೇಳಿ ಕಳಿಸಿದ್ದಳು. ವನಜಾಕ್ಷಿ ಅವನ್ನೆಲ್ಲ ಇಟ್ಟು, ಪಕ್ಕದಲ್ಲಿ ಒಂದು ಸಣ್ಣ ಬಟ್ಟಲು ಗಸಿಯನ್ನೂ ಇಟ್ಟಳು. ತಿನ್ನಬೇಕೆಂದು ಹೇಳುತ್ತಿಲ್ಲ ಮಾ, ನಿಮ್ಮ ಪಾಲು ಇಟ್ಟಿದ್ದೇನೆ ಅಂದಳು. ಪಿಶಿ ಎತ್ತಲು ಕೈ ಚಾಚಿದಳು.

"ಇರಲಿ, ಯಾರೂ ಎತ್ತಬೇಡಿ" ಅಂದರು ಮುದುಕಿ.

ಊಟ ಮುಗಿಯುವವರೆಗೂ ಆ ಬಟ್ಟಲು ಅವರ ಮುಂದೆಯೇ ಇತ್ತು. ಅವರು ತಿನ್ನಲಿಲ್ಲ. ಎತ್ತಲು ಬಿಡಲೂ ಇಲ್ಲ. ಹೊರಡುವಾಗ ಮಾತ್ರ ಸುದೇಷ್ಣಾಳನ್ನು ಹತ್ತಿರ ಕರೆದು, ಅದನ್ನು ಒಂದು ಡಬ್ಬಿಗೆ ಹಾಕಿಕೋ, ಮನೆಯಲ್ಲಿ ಬೆಕ್ಕಿಗೆ ಆಗುತ್ತದೆ ಅಂದರು.

ಮದುವೆ ಆಯಿತು. ತೊಟ್ಟಿ ಅಲ್ಲೇ ಇದೆ. ಸುದೇಷ್ಣಾ ಈಗ ಬಾಟಲಿ ಹಿಡಿಯಲು ಕಲಿತಿದ್ದಾಳೆ, ನನಗೆ ಬಿಡುವು. ಬಿಳಿಚಿದ ಬದಿಯಲ್ಲಿ ಹೊಸ ಗುಬುಟುಗಳು ಮೊಳಕೆಯೊಡೆದಿವೆ. ಸುದೇಷ್ಣಾ ಪ್ರತಿ ಭಾನುವಾರ ತವರಿಗೆ ಹೋಗುವಾಗ ಅಜ್ಜಿಯ ಬೆಕ್ಕಿಗೆಂದು ಒಂದು ಡಬ್ಬಿ ಗಸಿ ಒಯ್ಯುತ್ತಾಳೆ. ಯಾವ ಬಣ್ಣದ ಬೆಕ್ಕು ಎಂದು ರುಕ್ಮಿಣಿ ಒಮ್ಮೆ ಕೇಳಿದ್ದಕ್ಕೆ ಹುಡುಗಿ ನಕ್ಕು, ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ ಆಂಟಿ ಅಂದಳು. ರುಕ್ಮಿಣಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಎಂಬತ್ತು ದಾಟಿದವಳು ತನ್ನ ತುತ್ತಿಗೆ ಬೆಕ್ಕಿನ ಹೆಸರು ಹೇಳಬೇಕಾದ ಮನೆಯವರ ಮುಖ ನೋಡುವ ಮನಸ್ಸು ನನಗೆ ಈಗಲೂ ಇಲ್ಲ. ಅವರು ಪೂಜೆಗೆ ಕರೆದರೂ ನಾನು ಹೋಗುವುದಿಲ್ಲ.

ವನಜಾಕ್ಷಿ ನನ್ನ ಹಾಗೆ ಮುಖ ತಿರುಗಿಸಿ ಕೂರುವವಳಲ್ಲ. ನಿನ್ನೆ ಬೆಳಿಗ್ಗೆ ನಾನು ತರಕಾರಿಗೆಂದು ಹೋಗಿದ್ದೆ. ಮೀನಿನ ಸಾಲಿನಲ್ಲಿ ಅವಳು ಕುಕ್ಕರಗಾಲಲ್ಲಿ ಕೂತು ಸಿಗಡಿ ಆರಿಸುತ್ತಿದ್ದಳು, ಬೆನ್ನಿಗೆ ಶೆಫಾಲಿ ಬೌದಿ ಎಂದಿನ ಹಾಗೆ ನಿಂತಿದ್ದಳು. ವನಜಾಕ್ಷಿ ಮೀನಿನವನಿಗೆ ಹೇಳುವುದನ್ನು ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದಳು.

"ಹವಳಕ್ಕೆ ಒಂದು ಹಿಡಿ. ನನಗೆ ಕಾಲು ಕಿಲೋ, ದೊಡ್ಡದು. ಟಾಲಿಗಂಜಿನ ಬೆಕ್ಕಿಗೆ ಅದಕ್ಕಿಂತ ಚೆನ್ನಾಗಿರುವುದು ಹಾಕು."